ತಿದಿಯ ಸಹವಾಸ

ವೀಣೆಗೆ ವಿಖ್ಯಾತವಾದ ಮೈಸೂರಿನಲ್ಲಿ, ಅದರಲ್ಲೂ ವೀಣೆ ಶೇಷಣ್ಣನವರ ನಾಮವನ್ನು ಕಾಫಿಯೊಡನೆ ಸ್ಮರಿಸುವ ನೆರೆಹೊರೆಯವರ ಮಧ್ಯೆ, ನಡುವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯಹೊರಡುವುದಕ್ಕೆ ವಿದ್ವತ್ತಿಗಿಂತ ಧೈರ್ಯವೇ ಹೆಚ್ಚು ಬೇಕು. ಬಲಗೈ ಸರಳೆ ವರಸೆಗಾಗಿ ಕರಿ-ಬಿಳಿ ಮನೆಗಳನ್ನು ತಡಕುತ್ತಿರುವಾಗ ಎಡಗೈ ತಿದಿಯೊತ್ತುವ ಕರ್ತವ್ಯವನ್ನೇ ವಿಸ್ಮರಿಸುತ್ತದೆ; ಅದನ್ನೆಚ್ಚರಿಸುವಷ್ಟರಲ್ಲಿ ಬಲಗೈ ದಾರಿ ತಪ್ಪಿ, ಪಂಚಮವು ಉಬ್ಬಸದ ರೋಗಿಯಂತೆ ಏದುಸಿರು ಬಿಡುತ್ತದೆ. ಈ ವಾದ್ಯದಲ್ಲಿ ಗಮಕ ಹೊಮ್ಮದೆಂದು ಪಂಡಿತರು ಆಕ್ಷೇಪಿಸುವುದುಂಟು; ಸ್ವರವೇ ಹೊಮ್ಮದವನಿಗೆ ಗಮಕದ ಚಿಂತೆಯೇಕೆ? ಕಂಪನಿ ನಾಟಕಗಳ ರಂಗಗೀತೆಗಳು ಊರೂರು ಸುತ್ತಿದ್ದು ಈ ಪೆಟ್ಟಿಗೆಯ ಬೆನ್ನೇರಿಯೇ ಅಲ್ಲವೆ? ಆದರೂ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಇದನ್ನು ಬಹಿಷ್ಕರಿಸಿತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ನಮ್ಮ ಎದುರುಮನೆಯವರ ನಿಷೇಧ ಮಾತ್ರ ಇನ್ನೂ ಜಾರಿಯಲ್ಲಿದೆ.