ಹೊರಗಿನವನ ಲಕ್ಷಣ ನಿರ್ಣಯ

ಪೂಜೆಯೆಂದರೇನೆಂದು ಕಲಿಯಲು ದೇವಸ್ಥಾನಕ್ಕೆ ಬರುವ ಹೊರಗಿನವನ ವಿಷಯದಲ್ಲಿ ಶಾಸ್ತ್ರಕಾರರೆಲ್ಲ ಜಾಣಮೌನ ವಹಿಸಿರುವುದರಿಂದ ಈ ಪ್ರಬಂಧ ಅನಿವಾರ್ಯವಾಯಿತು. ಕ್ಷೇತ್ರ ಉಡುಪಿಯ ಕೃಷ್ಣಮಠ. ಅಧ್ಯಯನದ ವಸ್ತು, ಜರ್ಮನಿಯಲ್ಲಿ ಕನ್ನಡ ಕಲಿತು ಬಂದ ಒಬ್ಬ ಜಿಜ್ಞಾಸು.

ಮೊದಲು ಲಕ್ಷಣ. ತೀರ್ಥ ಕುಡಿದ ಮೇಲೆ ಒದ್ದೆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದು ನಿಂತವನೇ ಹೊರಗಿನವ. (ಬಲ್ಲವರು ತಲೆಗೆ ಸವರಿಕೊಳ್ಳುತ್ತಾರೆ. ಇನ್ನೂ ಬಲ್ಲವರು ಪಂಚೆಗೆ.) ಇಲ್ಲಿ ಪೂರ್ವಪಕ್ಷಿ ಎದ್ದು, ಈ ಲಕ್ಷಣ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದ ಆಚಾರ್ಯರ ಮೊಮ್ಮಗನಿಗೂ ಹೊಂದುವುದರಿಂದ ಅತಿವ್ಯಾಪ್ತಿ ಎನ್ನುತ್ತಾನೆ. ಉತ್ತರ: ಇಷ್ಟಾಪತ್ತಿ.

13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿದ ಊರಾದ್ದರಿಂದ ಅವರು ಒಪ್ಪಿದ ಮೂರೇ ಪ್ರಮಾಣಗಳನ್ನು ಬಳಸತಕ್ಕದ್ದು: ಪ್ರತ್ಯಕ್ಷ, ಅನುಮಾನ, ಆಗಮ.

ಪ್ರತ್ಯಕ್ಷಕ್ಕೆ ಮೊದಲ ಅಡ್ಡಿ ಅಂಗಿ. ಗಂಡಸರು ಅದನ್ನು ಕಳಚಬೇಕು. ಅಂಗಿಯೊಂದಿಗೆ ಜೇಬು, ಜೇಬಿನೊಂದಿಗೆ ಸಂಶೋಧನಾ ವಿಧಾನ ಹೋಯಿತು. ಪೆನ್ನನ್ನು ಕಿವಿಗೆ ಸಿಕ್ಕಿಸಿ, ಪುಸ್ತಕವನ್ನು ಸೊಂಟಕ್ಕೆ ತುರುಕಿ ಜಿಜ್ಞಾಸು ಒಂಬತ್ತು ತೂತಿನ ನವಗ್ರಹ ಕಿಂಡಿಯ ಮುಂದೆ ಬಗ್ಗಿದ. ಬಾಲಕೃಷ್ಣನ ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ ಎಂದು ಓದಿಕೊಂಡು ಬಂದಿದ್ದ. ಕಡೆಗೋಲು ಸಿಕ್ಕಿತು. ಹಗ್ಗ ಹುಡುಕುವಷ್ಟರಲ್ಲಿ, "ಮುಂದೆ ಹೋಗಿ, ಮುಂದೆ ಹೋಗಿ." ಅರ್ಧ ಪ್ರತ್ಯಕ್ಷ.

ಉಳಿದರ್ಧಕ್ಕೆ ಅನುಮಾನ. ದೇವರು ಪಶ್ಚಿಮಕ್ಕೆ ಮುಖಮಾಡಿದ್ದಾನೆ, ಪಶ್ಚಿಮಕ್ಕೆ ಕಡಲು, ಹಡಗಿನ ಗೋಪೀಚಂದನದ ಗಡ್ಡೆಯೊಳಗೆ ಬಂದವನೆಂಬುದು ಐತಿಹ್ಯ, ಆದ್ದರಿಂದ ಬಂದ ದಾರಿ ನೋಡುತ್ತಿದ್ದಾನೆ. ಹೇತು ಚೊಕ್ಕವಾಗಿದೆಯೆಂದು ಬರೆದುಕೊಳ್ಳುವಾಗ ಹಿಂದಿದ್ದವರೊಬ್ಬರು, ಅದು ಕನಕದಾಸರಿಗಾಗಿ ತಿರುಗಿದ್ದು ಎಂದರು. ಅವರ ಹಿಂದಿದ್ದವರು, ತಿರುಗಿಯೇ ಇಲ್ಲ, ಮೊದಲಿನಿಂದಲೂ ಹೀಗೇ ಎಂದರು. ಇಬ್ಬರೂ ಜಿಜ್ಞಾಸುವನ್ನು ಮರೆತು ದನಿಯೇರಿಸಿದರು. ಎರಡನೆಯ ಅನುಮಾನ ಇದಕ್ಕಿಂತ ಗಟ್ಟಿ: ಇಲ್ಲಿ ಪೂಜೆಯ ಅಧಿಕಾರ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ, ಕುಳಿತವರು ಹೇಳಿದ ದಿನಕ್ಕೆ ಏಳುತ್ತಾರೆ, ಆದಕಾರಣ ಪರ್ಯಾಯವೆಂಬ ಈ ಸರದಿ ರಾಜಕೀಯವಲ್ಲ.

ಕೊನೆಗೆ ಆಗಮ, ಅಂದರೆ ಆಪ್ತವಾಕ್ಯ. ಸಾಲಿನಲ್ಲಿದ್ದ ಅಮ್ಮನೊಬ್ಬರನ್ನು ಕೇಳಿದ: "ಅಮ್ಮಾ, ಪ್ರದಕ್ಷಿಣೆ ಯಾಕೆ ಮಾಡುವುದು?"

"ಎಂತದು ಯಾಕೆ? ಎದುರಿನವರು ಹೋದ ಹಾಗೆ ಹೋಗಿ ಮಾರಾಯ್ರೆ."

ಹೋದ. ಎದುರಿನವರು ಗೋಡೆಗೆ ಹಣೆ ಮುಟ್ಟಿಸಿದರೆ ಮುಟ್ಟಿಸಿದ, ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಒತ್ತಿಕೊಂಡ. ಒಮ್ಮೆ ನಿಂತು ಕಿವಿಯ ಪೆನ್ನು ಸರಿಮಾಡಿಕೊಂಡದ್ದು ಮಾತ್ರ ಅವನ ಸ್ವಂತದ್ದು.

ಎದುರಿನವರು ಯಾರನ್ನು ನೋಡಿ ಮಾಡಿದರು? ಅವರ ಎದುರಿನವರನ್ನು. ಅವರು? ಹೀಗೆ ಕೊನೆಯಿಲ್ಲದೆ ಹೋದರೆ ಅನವಸ್ಥಾ ದೋಷವೆಂದು ಪೂರ್ವಪಕ್ಷಿ ಮತ್ತೆ ಏಳುತ್ತಾನೆ. ಅವನು ಸಾಲಿನ ಆಕಾರ ಗಮನಿಸಿಲ್ಲ. ಗರ್ಭಗುಡಿಯ ಸುತ್ತ ನಡೆಯುವವರಲ್ಲಿ ಎಲ್ಲರಿಗೂ ಒಬ್ಬರು ಎದುರಿನವರು. ತಾರ್ಕಿಕರ ಪ್ರಕಾರ ಇದು ಚಕ್ರಕ. ಅದು ಸಿದ್ಧವಾದದ್ದು ಎರಡನೆಯ ಸುತ್ತಿನಲ್ಲಿ. ಬೆಂಗಳೂರಿನ ಮೊಮ್ಮಗ, ಅದೇ ಕಂಬದ ಬಳಿ ನಿಂತು, ಭಕ್ತಿಯಿಂದ ಬಲಗಿವಿ ಮುಟ್ಟಿಕೊಂಡ. ಯಾಕೆಂದು ಕೇಳಿದ್ದಕ್ಕೆ, "ನೀವು ಬರ್ಕೊಳ್ತಾ ಇದ್ರಲ್ಲ ಸಾರ್, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ" ಎಂದ. ಅವನ ಹಿಂದೆ ನಾಲ್ಕು ಜನ ಆಗಲೇ ಕಿವಿ ಮುಟ್ಟಿಕೊಂಡಾಗಿತ್ತು.