ಕಾಲೆಂಬ ಬೇನೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಅಧಃಶಾಖೆಗಳಲ್ಲಿನ ರುಧಿರ ಪರಿಚಲನೆಯನ್ನು ನೆದರ್ಲೆಂಡ್ಸಿನ ಅನಿವಾಸಿ ಕನ್ನಡ ಸಂವೇದನೆಯ ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನ. ಅಧಃಶಾಖೆ ಎಂದರೆ ಕಾಲು. ಇದಕ್ಕೆ ಪ್ರೇರಣೆ, ಕಳೆದ ಚಳಿಗಾಲದಲ್ಲಿ ಇದೇ ವಿಷಯದ ಮೇಲೆ ವಿದ್ವಾಂಸರೊಬ್ಬರು ಕೊರೆದ ಎರಡು ಗಂಟೆಯ ಉಪನ್ಯಾಸ. ನಡುವೆ ಏಳಲು ಬಿಡಲಿಲ್ಲ. ವಂದನಾರ್ಪಣೆಯ ಹೊತ್ತಿಗೆ ಸಭೆಗೆ ಸಭೆಯೇ ಕಾಲು ಜೋಮು ಹಿಡಿದು ಕೂತಿತ್ತು.

ಮೊದಲು ನಿರುಕ್ತ. ಡಚ್ಚರು ಕಾಲಿಗೆ 'ಬೇನ್' ಎನ್ನುತ್ತಾರೆ, ಬಹುವಚನ 'ಬೇನೆನ್'. ಕೊನೆಯ ನಕಾರವನ್ನು ಮಾತಿನಲ್ಲಿ ನುಂಗುವುದು ಅವರ ರೂಢಿಯಾದ್ದರಿಂದ ಕಿವಿಗೆ ಬೀಳುವುದು 'ಬೇನೆ'. ಇದರಿಂದ ದ್ರಾವಿಡರು ರೈನ್ ನದಿಯ ಮುಖಜಭೂಮಿಯಲ್ಲಿ ನೆಲೆಸಿದ್ದರೆಂದೂ, ಬಂದವರೆಲ್ಲ ಐವತ್ತು ದಾಟಿದವರೆಂದೂ ನಿರ್ವಿವಾದವಾಗಿ ಸಿದ್ಧವಾಗುತ್ತದೆ.

ಕಾಲುಗಳಲ್ಲಿ ಏಳು ವಿಧ. ಒಂದು, ಅಪಧಮನೀಪ್ರಧಾನ: ರಕ್ತ ಇಳಿದು ಬರುವ ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದದ್ದು. ನಡೆದರೆ ಮೀನಖಂಡ ಹಿಂಡುತ್ತದೆ, ನಿಂತರೆ ಬಿಡುತ್ತದೆ. ಎರಡು, ಅಭಿಧಮನೀಪ್ರಧಾನ: ಮೇಲೇರಬೇಕಾದ ರಕ್ತಕ್ಕೆ ಕವಾಟ ಕೈಕೊಟ್ಟದ್ದು. ಸಂಜೆಗೆ ಪಾದ ಊದುತ್ತದೆ. ಎರಡನೆಯದಕ್ಕೆ ಬಿಗಿ ಕಾಲುಚೀಲ ಒಳ್ಳೆಯದು, ಮೊದಲನೆಯದು ಜೋರಾಗಿದ್ದರೆ ಅದೇ ಚೀಲ ಅಪಾಯ. ಹೀಗಿರುವಲ್ಲಿ ಒಂದೇ ಅಕ್ಷರದ ಅಂತರದಲ್ಲಿ ಎರಡು ಪದ ಟಂಕಿಸಿದ ಪುಣ್ಯಾತ್ಮ ಯಾರೋ, ಅವನ ಅಧಃಶಾಖೆಗೆ ದೊಡ್ಡ ನಮಸ್ಕಾರ. ಉಳಿದ ಐದು ವಿಧ ಬೇಡ ಬಿಡಿ. ಅಮ್ಮನದು ಮೊದಲನೆಯದು.

ಅದಕ್ಕೆ ಇಲ್ಲಿನ ಹೆಸರು 'ಏತಲಾಝೆಬೇನೆನ್', ಶೋಕೇಸಿನ ಕಾಲು. ನೋವಿಗೆ ನಿಂತವರು ನಾಚಿಕೆಗೆ ಅಂಗಡಿಯ ಗಾಜು ನೋಡುವಂತೆ ನಟಿಸುತ್ತಾರಲ್ಲ, ಅದಕ್ಕೆ. ಚಿಕಿತ್ಸೆಯೂ ನಡಿಗೆಯೇ: ನೋವು ಜೋರಾಗುವವರೆಗೆ ನಡೆ, ನಿಲ್ಲು, ಮತ್ತೆ ನಡೆ. ಫಿಸಿಯೋಥೆರಪಿಸ್ಟ್ ಕಣ್ಣೆದುರು ನಡೆಸುವ ಇಂಥ 37 ಭೇಟಿಗಳಿಗೆ 2017ರಿಂದ ಇಲ್ಲಿಯ ಮೂಲ ವಿಮೆಯೇ ದುಡ್ಡು ಕೊಡುತ್ತದೆ. ಮೊಮ್ಮಗುವನ್ನು ಎತ್ತಾಡಿಸಲು 90 ದಿನದ ವೀಸಾದಲ್ಲಿ ಬಂದ ಅಜ್ಜಿಗೆ ಆ ವಿಮೆ ಇಲ್ಲ. ಅವಳಿಗೆ ಸಿಗುವುದು ಮಗ ಕೈಗೆ ಕಟ್ಟಿದ ಹೆಜ್ಜೆ ಎಣಿಸುವ ವಾಚು, 'ದಿನಾ ವಾಕ್ ಮಾಡಮ್ಮ' ಎಂಬ ಉಪದೇಶ. ಎಲ್ಲಿಗೆ ನಡೆಯಬೇಕು, ಯಾರ ಮನೆಗೆ? ಎರಡು ಗಂಟೆ ಕೊರೆದವರ ಬಾಯಲ್ಲಿ ಇದೊಂದು ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಆ ಮಗ ನಾನೇ.

ಮೈಸೂರಿನ ಕುವೆಂಪುನಗರದಲ್ಲೂ ಅಮ್ಮ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಸೊಪ್ಪಿನವಳ ಹತ್ತಿರ ದಂಟಿನ ಕಟ್ಟಿಗೆ ಚೌಕಾಸಿ, ಮೂಲೆಮನೆ ಗೇಟಿನಲ್ಲಿ 'ಊಟ ಆಯ್ತಾ?', ಗುಡಿಯ ಕಟ್ಟೆಯಲ್ಲಿ ಯಾರದೋ ಸೊಸೆಯ ವಿಚಾರ. ಮಾತಿಗೆ ನಿಲ್ಲುತ್ತಾಳೆ ಅಂದುಕೊಂಡಿದ್ದೆವು. ಅವಳೂ ಹಾಗೇ ಅಂದುಕೊಂಡಿದ್ದಳು. ಕಾಲು ಸೋಲುತ್ತಿದೆ ಅಂತ ಗೊತ್ತಾದದ್ದು ಆಮ್ಸ್ಟೆಲ್ವೇನಿಗೆ ಬಂದು, ನಿಂತಲ್ಲಿ ಮಾತಿಗೆ ಯಾರೂ ಸಿಗದೆ ಹೋದಾಗ.

ಹೋದ ಭಾನುವಾರ ಕ್ಷೇತ್ರಕಾರ್ಯ. ಸೀರೆಯ ಮೇಲೆ ನನ್ನ ಹಳೇ ಜಾಕೆಟ್ಟು, ತೋಳು ಎರಡು ಮಡಿಕೆ. ಮೂರನೆಯ ಅಂಗಡಿಯೆದುರು ನಿಂತಳು. ಒಂದು ಅಂಗೈ ಗಾಜಿಗೆ ಊರಿ, ಬಗ್ಗಿ, ಎಡ ಮೀನಖಂಡ ನೀವಿಕೊಂಡಳು.

"ನೋವಾ ಅಮ್ಮ?"

"ಇಲ್ಲಪ್ಪ, ರೇಟು ನೋಡ್ತಿದೀನಿ."

ಒಳಗೆ ಏನೂ ಇರಲಿಲ್ಲ. ಬಾಡಿಗೆಗಿದೆ ಎಂಬ ಬೋರ್ಡು, ಗೋಡೆಗೆ ಒರಗಿಸಿದ ಒಂದು ಏಣಿ.