ವಯಸ್ಕರ ಚಿತ್ರ, ಅತ್ತೆಯ ಜೊತೆ

ಕಾಶಿನಾಥರ ಸಿನಿಮಾ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು ಊರ ತುಂಬ ಇದ್ದಾರೆ. ನೋಡಿದೆ ಎಂದು ಒಪ್ಪಿಕೊಳ್ಳುವವರು ಮಾತ್ರ ಸಿಗುವುದಿಲ್ಲ. ಕೇಳಿದರೆ, ‘ಟೀವೀಲಿ ಬರ್ತಿತ್ತು, ಹಾಗೇ ಒಂದ್ ಸೀನ್ ನೋಡ್ದೆ’ ಅನ್ನುತ್ತಾರೆ. ಆ ಒಂದು ಸೀನಿನ ಹಿಂದುಮುಂದಿನ ಡೈಲಾಗೆಲ್ಲ ಬಾಯಿಪಾಠ.

ನಾನು ಟಾಕೀಸಿನಲ್ಲೇ ನೋಡಿದವನು. ‘ಅನಂತನ ಅವಾಂತರ’ (1989) ನಮ್ಮೂರಿಗೆ ಬಂದಾಗ ಕತ್ತಲಾದ ಮೇಲೆ ಒಳಗೆ ಹೋಗಿ ಗಾಂಧಿ ಕ್ಲಾಸಿನಲ್ಲಿ ಕೂತಿದ್ದೆ. ಸಿನಿಮಾಕ್ಕಿಂತ ಚೆನ್ನಾಗಿ ನೆನಪಿರುವುದು ಇಂಟರ್‌ವಲ್. ಅಷ್ಟು ಹೊತ್ತು ಸಿಳ್ಳೆ ಹೊಡೆದು ಬೆಂಚು ಕುಟ್ಟುತ್ತಿದ್ದ ಜನ, ದೀಪ ಹತ್ತಿದ ಕೂಡಲೇ ಗಪ್‌ಚಿಪ್. ಎಲ್ಲರ ಕಣ್ಣೂ ಸ್ಲೈಡಿನ ಮೇಲೆ. ಜವಳಿ ಅಂಗಡಿಯ ಜಾಹೀರಾತನ್ನು ಅಷ್ಟು ಶ್ರದ್ಧೆಯಿಂದ ಓದಿದ ಸಭೆಯನ್ನು ಆಮೇಲೆ ಎಲ್ಲೂ ಕಂಡಿಲ್ಲ. ಕಡಲೆಕಾಯಿ ಕೊಳ್ಳಲು ಎದ್ದರೆ ಎದುರಿಗೆ ಪೋಸ್ಟ್‌ಮಾಸ್ಟರು. ಅವರು ನನ್ನನ್ನು ನೋಡಲಿಲ್ಲ, ನಾನೂ ಅವರನ್ನು ನೋಡಲಿಲ್ಲ. ಮಾರನೇ ದಿನ ಅಂಚೆ ಕಚೇರಿಯಲ್ಲಿ ನನ್ನ ಮನಿಯಾರ್ಡರಿನ ಕೆಲಸ ಯಾವತ್ತಿಗಿಂತ ಬೇಗ ಮುಗಿಯಿತು.

ಕುಂದಾಪುರದ ಕಡೆಯ ಕಾಶಿನಾಥರಿಗೆ ಹೀರೋನ ಮೈಕಟ್ಟಿರಲಿಲ್ಲ. ಸಣಕಲು ಮೈ, ಪೆದ್ದು ನೋಟ. ಅವರ ಗುಟ್ಟಿದ್ದುದೇ ಅಲ್ಲಿ. ಪೋಲಿ ಮಾತನ್ನು ಕಣ್ಣು ಹೊಡೆದು ಹೇಳಿದರೆ ಹೇಸಿಗೆ. ಏನೂ ತಿಳಿಯದವನ ಮುಖ ಹೊತ್ತು ಹೇಳಿದರೆ ಪಾಪವೆಲ್ಲ ಕೇಳಿದವನ ತಲೆಗೆ. ಈಗ ಎಷ್ಟೋ ಜನ ಮಾತಿಗಿಂತ ಮೊದಲೇ ಹುಬ್ಬು ಕುಣಿಸಿಬಿಡುತ್ತಾರೆ. ನಗುವುದಕ್ಕೆ ನಮಗೆ ಕೆಲಸವೇ ಉಳಿಯುವುದಿಲ್ಲ.

ಆದರೆ ಮರ್ಯಾದೆಯ ಲೆಕ್ಕದಲ್ಲಿ ಗಂಡಸರಿಗೆ ರಿಯಾಯಿತಿ ಹೆಚ್ಚು. ಕಾಶಿನಾಥರ ‘ಅನುಭವ’ (1984) ಚಿತ್ರದಿಂದ ಮನೆಮಾತಾದ ಉಮಾಶ್ರೀಯವರಿಗೆ ಅದರ ಮುದ್ರೆ ಬಹುಕಾಲ ಅಂಟಿಕೊಂಡಿತ್ತು. ಅವರೇ ರಂಗದ ಮೇಲೆ ದೇವನೂರರ ‘ಒಡಲಾಳ’ದ ಸಾಕವ್ವನಾದರು, ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ತಂದರು, ಕಡೆಗೆ ಕನ್ನಡ ಮತ್ತು ಸಂಸ್ಕೃತಿ ಸಚಿವರೂ ಆದರು. ಕದ್ದು ನೋಡಿ ಮೂಗು ಮುರಿದಿದ್ದವರೇ ಹಾರ ಹಿಡಿದು ಸಾಲಿನಲ್ಲಿ ನಿಂತಿದ್ದರೆ ಆಶ್ಚರ್ಯವಿಲ್ಲ.

‘ನೀರ್ ದೋಸೆ’ (2016) ನೋಡುವ ಹೊತ್ತಿಗೆ ನನ್ನ ತಲೆ ನರೆತಿತ್ತು. ವಿಜಯಪ್ರಸಾದರ ಚಿತ್ರ, ಹೆಣದ ಗಾಡಿ ಓಡಿಸುವ ಜಗ್ಗೇಶ್, ಮದುವೆಯಾಗದೆ ಮುದುಕನಾದ ದತ್ತಣ್ಣ. ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದ ದತ್ತಣ್ಣನವರ ಬಾಯಲ್ಲಿ ಅಂಥ ಮಾತು ಕೇಳುವುದೇ ಒಂದು ಮಜ. ಮನೆಯಲ್ಲಿ ಮೆಲ್ಲಗೆ ಹಾಕಿಕೊಂಡು ಕೂತಿದ್ದೆ. ಎಂಬತ್ತು ದಾಟಿದ ಸೋದರತ್ತೆ ಬತ್ತಿ ಹೊಸೆಯುತ್ತ ಬಂದು ಪಕ್ಕದಲ್ಲೇ ಕೂತರು. ನಾನು ರಿಮೋಟ್ ಹುಡುಕಿದೆ. ಅದು ಅವರ ಸೆರಗಿನಡಿ ಇತ್ತು.

‘ಯಾಕೋ ಸಣ್ಣಕ್ಕೆ ಇಟ್ಟಿದೀಯ? ಜೋರು ಮಾಡು.’

ನಮ್ಮ ಸೆನ್ಸಾರಿನವರು ಏಳು, ಹದಿಮೂರು, ಹದಿನಾರು, ಹದಿನೆಂಟು ಎಂದು ಮಕ್ಕಳ ವಯಸ್ಸನ್ನು ತೂಕ ಹಾಕಿ ಸರ್ಟಿಫಿಕೇಟ್ ಕೊಡುತ್ತಾರೆ. ಹಿರಿಯರ ಜೊತೆ ಕೂತು ನೋಡುವ ಐವತ್ತು ದಾಟಿದ ಸೋದರಳಿಯನಿಗೆ ಯಾವ ಎಚ್ಚರಿಕೆಯೂ ಇಲ್ಲ. ನಾನು ನಗಲೂ ಆಗದೆ ಏಳಲೂ ಆಗದೆ ಫ್ಯಾನ್ ನೋಡುತ್ತ ಕೂತಿದ್ದೆ. ಅತ್ತೆ ಮಾತ್ರ ನನಗೆ ಅರ್ಥವಾಗುವುದಕ್ಕಿಂತ ಒಂದು ಗಳಿಗೆ ಮೊದಲೇ ನಗುತ್ತಿದ್ದರು. ಆಗ ಹೊಳೆಯಿತು: ನಮ್ಮ ಮನೆತನದ ಮದುವೆಗಳಲ್ಲಿ ಬೀಗರ ಹಾಡಿಗೆ ಇವರೇ ಮುಂದಾಳು. ಗಂಡಿನ ಸೋದರಮಾವನ ಪಂಚೆಯಿಂದ ಹಿಡಿದು ಬೀಗಿತ್ತಿಯ ನಡಿಗೆಯವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಅದೂ ಪುರೋಹಿತರು ಪಂಕ್ತಿಯಲ್ಲಿ ಕೂತಿರುವಾಗಲೇ. ಪುರೋಹಿತರು ಹೋಳಿಗೆಗೆ ತುಪ್ಪ ಕೇಳುವ ನೆಪದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದರಂತೆ.

ಸಿನಿಮಾ ಮುಗಿಯಿತು. ಅತ್ತೆ ಬತ್ತಿಗಳನ್ನು ಡಬ್ಬಿಗೆ ತುಂಬುತ್ತ, ‘ಆ ಮುದುಕ ಚೆನ್ನಾಗಿ ಮಾಡಿದಾನೆ. ಇನ್ನೊಬ್ಬ ಇದಾನಲ್ಲ, ಅವನು ಸ್ವಲ್ಪ ಅವಸರ ಮಾಡ್ತಾನೆ. ಮಾತು ಮುಗಿಯೋಕೆ ಮೊದಲೇ ತಾನೇ ನಗ್ತಾನಪ್ಪ’ ಅಂದರು.